72 ಎಲೆಗಳ ಧೂಳು

ಮಣಿಪಾಲದ ಕಾಫಿ ಅಂಗಡಿಗಳಲ್ಲಿ ಈಗ ತಲೆ ಎತ್ತಿದರೆ ಎಂತದಾದರೂ ಒಂದು ನೇತಾಡುತ್ತಲೇ ಇರುತ್ತದೆ, ಗಮನಿಸಿದ್ದೀರಾ? ಮೊನ್ನೆ ಒಂದು ಕಡೆ ಆ ಡೆನ್ಮಾರ್ಕಿನ ಎಲೆಎಲೆ ದೀಪದ ನಕಲು ನೋಡಿದೆ ಮಾರಾಯ್ರೆ. ಅದೇ, ಪೌಲ್ ಹೆನಿಂಗ್ಸನ್ನನ ಆರ್ಟಿಚೋಕ್. ಹೆಸರು ಯಾವುದೋ ಪರದೇಶಿ ತರಕಾರಿಯದ್ದು. ನನ್ನ ಕಣ್ಣಿಗೆ ಮಾತ್ರ ತಾಮ್ರದ ಬಾಳೆ ಪೂಂಬೆ!

1958ರಲ್ಲಿ ಕೋಪನ್‌ಹೇಗನ್ನಿನ ಲಂಗೆಲಿನಿ ಪೆವಿಲಿಯನ್ ಎಂಬ ಊಟದ ಹೋಟೆಲಿಗೆಂದು ಮಾಡಿದ್ದಲ್ವಾ ಅದು. 12 ಸಾಲು, ಸಾಲಿಗೆ ಆರರಂತೆ 72 ಎಲೆ. ಯಾವ ಮೂಲೆಯಲ್ಲಿ ಕೂತರೂ ಬೆಳಕು ಬರಬೇಕು, ಬಲ್ಬು ಕಾಣಬಾರದು. ಮೊನ್ನೆಯ ನಕಲಿನಲ್ಲಿ ಬಲ್ಬು ಎರಡೆಲೆಯ ಸಂದಿಯಿಂದ ನೆಟ್ಟಗೆ ನನ್ನನ್ನೇ ನೋಡುತ್ತಿತ್ತು. ಎಲೆಯಾದರೂ ಸರಿ ಇದೆಯೋ ಅಂತ ಎಣಿಸಲು ಹೊರಟೆ, ಅಷ್ಟರಲ್ಲಿ ಕಾಫಿ ಬಂತು, ಲೆಕ್ಕ ಹೋಯಿತು.

ಆದರೆ ನನಗೆ ಹತ್ತಿದ ಚಿಂತೆ ಬೇರೆ. ಇದರ ಧೂಳು ಒರೆಸುವುದು ಯಾರು? ಹಿಡಿಸೂಡಿ ಒಳಗೆ ಹೋಗುವುದಿಲ್ಲ. ಎಲೆಗೊಂದು ಜೇಡ ಸಂಸಾರ ಹೂಡಿದರೆ ಮುಗಿಯಿತು. ಮೊದಲ ಮಳೆಯ ಸಂಜೆ ರೆಕ್ಕೆಹುಳಗಳು ಮುತ್ತಿಕೊಂಡು, ಹಿಂದಿನಿಂದ ಹಲ್ಲಿಯೂ ಬಂದು, ಬೆಳಗಾಗುವಾಗ ಎಲೆ ತುಂಬ ರೆಕ್ಕೆಯೇ. ಕಾಪುವಿನ ಕಡಲ ಬದಿಯ ಮನೆಯಾದರಂತೂ ಉಪ್ಪುಗಾಳಿಗೆ ತಾಮ್ರ ಹಸಿರುಗಟ್ಟಿ, ಪೂಂಬೆ ಹೋಗಿ ಹೀರೆಕಾಯಿ. ಅಂದ ಹಾಗೆ ಕಾಪುವಿನಲ್ಲಿ 1901ರಿಂದ ನಿಂತ ದೀಪಸ್ತಂಭ ಉಂಟಲ್ಲ, ಅದರ ಕೆಲಸ ಇದಕ್ಕೆ ತದ್ವಿರುದ್ಧ. ದೋಣಿಯವರ ಕಣ್ಣಿಗೆ ಕುಕ್ಕದಿದ್ದರೆ ಅದು ಇದ್ದೂ ಇಲ್ಲದ ಹಾಗೆ.

ಹೆನಿಂಗ್ಸನ್ 1894ರಲ್ಲಿ ಹುಟ್ಟಿದವ, ಸೀಮೆಎಣ್ಣೆ ದೀಪದ ಮಂದ ಬೆಳಕು ಕಂಡವ. ಬೆತ್ತಲೆ ಬಲ್ಬು ಅವನಿಗೆ ಆಗಿಬರಲಿಲ್ಲ. ನಮ್ಮ ಕಾರ್ಕಳದ ಮಾವನಿಗೂ ಹಾಗೇ. ದೀಪಾವಳಿಗೆ ಬಿದಿರು ಸೀಳಿ, ಮೈದಾ ಅಂಟು ಕಾಯಿಸಿ, ಬಣ್ಣದ ಕಾಗದ ಹಚ್ಚಿ ಗೂಡುದೀಪ ಕಟ್ಟುತ್ತಿದ್ದರು. ಜೀರೋ ಬಲ್ಬು ಹಾಕಿದ ಮೇಲೆ ಅಂಗಳದಲ್ಲಿ ಸುತ್ತ ನಡೆದು, ಯಾವ ಸಂದಿಯಿಂದ ಬಲ್ಬು ಇಣುಕುತ್ತದೆ ಅಂತ ಹುಡುಕಿ, ಅಲ್ಲಿಗೊಂದು ಕಾಗದದ ತುಂಡು ಮೆತ್ತುವುದು. ಕೊನೆಗೆ ಮೆತ್ತಿದ್ದೇ ಜಾಸ್ತಿ ಆಗಿ ದೀಪ ಉರಿಯುತ್ತಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ, ಅದು ಬೇರೆ ಮಾತು.

ಹಾಗಾದರೆ ಆರ್ಟಿಚೋಕ್ ಒಪ್ಪುವುದು ಎಲ್ಲಿಗೆ? ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಕಳಚಿ ತಂದು ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮತ್ತೆ ನಿಲ್ಲಿಸಿದರಲ್ಲ, ಕಾರ್ಕಳ ಬದಿಯ ಮಿಯಾರಿನ ಮನೆಯೂ ಅಲ್ಲಿದೆ. ಅಂಥ ಮರದ ಮಾಡಿನ ಕತ್ತಲೆಗೆ ಈ ಪೂಂಬೆ ಒಪ್ಪೀತು. ಬಿಳಿ ಪಿಓಪಿ ಛಾವಣಿಗೆ, ಅದೂ ಆಚೀಚೆ ಎಲ್‌ಇಡಿ ಪಟ್ಟಿ ಉರಿಯುವಾಗ, ಯಾಕೆ ಹೇಳಿ?

ನಿಮ್ಮ ಮನೆಗೂ ಇಂಥದೊಂದು ಬೇಕೇಬೇಕು ಅಂತಿದ್ದರೆ ಹೆನಿಂಗ್ಸನ್ನನದೇ ಇನ್ನೊಂದು ದೀಪ, 1958ರದ್ದೇ ಪಿಎಚ್ 5 ಅಡ್ಡಿಲ್ಲ. ಎಲೆಗಿಲೆ ಇಲ್ಲ, ಅಗಲ 50 ಸೆಂಟಿಮೀಟರು, ತಟ್ಟೆ ಒರೆಸಿದಂತೆ ಒರೆಸಬಹುದು. ಒಳಗೆ ಕೆಂಪು, ನೀಲಿ ಬಳಿದ ಚೂರುಗಳೂ ಉಂಟು, ಆ ಎರಡು ಬಣ್ಣ ನಮ್ಮ ಕಣ್ಣಿಗೆ ಕಮ್ಮಿ ತಾಗುತ್ತವೆ ಅಂತ ಪುಣ್ಯಾತ್ಮನ ಲೆಕ್ಕ. ಆದರೆ ಡೆನ್ಮಾರ್ಕಿನವರು ಅದನ್ನು ಊಟದ ಮೇಜಿನ ಮೇಲೆ ತೀರಾ ತಗ್ಗಿಸಿ ಕಟ್ಟುತ್ತಾರೆ. ನಮ್ಮಲ್ಲಿ ಕೂತು ಉಂಡರೆ ಮುಗಿಯಿತಾ, ಬಡಿಸುವವರು ಬೇಡವಾ? ಸಾರಿನ ಸೌಟು ಹಿಡಿದು ಬಗ್ಗಿದವರ ಹಣೆಗೇ ಸರಿಯಾಗಿ ತಾಗುತ್ತದೆ. ಒಂದು ಮೊಳ ಮೇಲೆ ಕಟ್ಟಲು ಹೇಳಿ, ಅಲ್ವಾ?