ಒಳಗೆ ಸ್ವಲ್ಪ ಬಟ್ಟೆ ಬಿಡಿ

ಮನೆಯಲ್ಲೇ ಹೊಲಿದುಕೊಳ್ಳುವ ಉಡುಪುಗಳಲ್ಲಿ ರವಿಕೆ ಬೇಡುವುದು ಎಲ್ಲಕ್ಕಿಂತ ಕಡಿಮೆ ಬಟ್ಟೆ, ಎಲ್ಲಕ್ಕಿಂತ ಹೆಚ್ಚು ತಾಳ್ಮೆ. ಐದೂವರೆ ಮೀಟರಿನ ಸೀರೆಗೆ ಕತ್ತರಿಯೇ ಸೋಕಬೇಕಾಗಿಲ್ಲ. ಅಜ್ಜಿ ಉಟ್ಟರೆ ಅಜ್ಜಿಗೆ, ಮೊಮ್ಮಗಳು ಉಟ್ಟರೆ ಮೊಮ್ಮಗಳಿಗೆ ಹೊಂದಿಕೊಂಡು ಹೋಗುವ ಸಾಧು ಸ್ವಭಾವ ಅದರದು. ಅದರ ಜೊತೆಗೆ ಬರುವ 80 ಸೆಂಟಿಮೀಟರ್ ತುಂಡು ಮಾತ್ರ ಒಬ್ಬರಿಗೇ, ಅದೂ ಆ ವರ್ಷದ ಮಟ್ಟಿಗೇ ಕೂರುತ್ತೇನೆಂದು ಹಟ ಹಿಡಿಯುತ್ತದೆ.

ರವಿಕೆ ಬಟ್ಟೆಗೆ ಕರ್ನಾಟಕದ ಮನೆಗಳಲ್ಲಿ ಬರವಿಲ್ಲ. ಗೌರಿ ಹಬ್ಬದ ಬಾಗಿನದಲ್ಲಿ, ಅರಿಶಿನ ಕುಂಕುಮದ ತಟ್ಟೆಯಲ್ಲಿ, ಗೃಹಪ್ರವೇಶದ ತಾಂಬೂಲದಲ್ಲಿ ಒಂದೊಂದು ಕಣ ಮನೆ ಸೇರುತ್ತಲೇ ಇರುತ್ತದೆ. ಇವುಗಳಲ್ಲಿ ಬಹುಪಾಲು ಹೊಲಿಯುವುದಕ್ಕೆ ಬಂದವಲ್ಲ, ಮುಂದಿನ ಮನೆಗೆ ದಾಟಿಸುವುದಕ್ಕೆ ಬಂದವು. ಬೀರುವಿನ ಕೆಳಗಿನ ಅರೆಯಲ್ಲಿ ಒಂದೆರಡು ತಿಂಗಳು ತಂಗಿ ಮತ್ತೊಬ್ಬರ ಮಡಿಲಿಗೆ ಹೊರಡುತ್ತವೆ. ಊರು ಸುತ್ತಿ ಮೊದಲು ಕೊಟ್ಟವರ ಕೈಗೇ ಬಂದು ಸೇರುವುದೂ ಉಂಟು. ಈ ಮುಜುಗರ ತಪ್ಪಿಸಲು ಮುಂಜಾಗ್ರತೆಯುಳ್ಳವರು ಕೊಟ್ಟವರ ಹೆಸರು ಬರೆದ ಚೀಟಿಯನ್ನು ಮಡಿಕೆಯೊಳಗೆ ಇಟ್ಟಿರುತ್ತಾರೆ. ಚೀಟಿ ತೆಗೆಯಲು ಮರೆತು ಕೊಟ್ಟುಬಿಟ್ಟರೆ ಮುಜುಗರ ಇಮ್ಮಡಿ. ಗುಳೇದಗುಡ್ಡದ ಖಣದ ಮಾತು ಬೇರೆ. ಹೊಳೆಯುವ ಮೈಯಲ್ಲಿ ಸಣ್ಣ ಸಣ್ಣ ಬುಟ್ಟಾ ಹೊತ್ತು, ತ್ರಿಕೋನವಾಗಿ ಮಡಿಸಿಕೊಂಡು ಬರುವ ಅದನ್ನು ಯಾರೂ ಸುಲಭವಾಗಿ ದಾಟಿಸುವುದಿಲ್ಲ. ಉತ್ತರ ಕರ್ನಾಟಕದ ಹಿರಿಯರು ಅದರಿಂದ ಹೊಲಿದುಕೊಳ್ಳುತ್ತಿದ್ದ ಕುಪ್ಪಸಕ್ಕೆ ಹುಕ್ಕಿನ ಗೋಜಿರಲಿಲ್ಲ. ಎದೆಯ ಕೆಳಗೆ ಎರಡು ತುದಿ ಎಳೆದು ಗಂಟು ಹಾಕಿದರೆ ಮುಗಿಯಿತು. ಮೈ ಒಂದಿಷ್ಟು ಏರಿದರೂ ಇಳಿದರೂ ಗಂಟು ಅದನ್ನು ಹೊಟ್ಟೆಗೆ ಹಾಕಿಕೊಳ್ಳುತ್ತಿತ್ತು. ಹುಕ್ಕು ಬಂದ ಮೇಲೆ ಆ ಔದಾರ್ಯ ಹೋಯಿತು.

ಕಣ ಸಾಲದಿದ್ದಾಗ ಮ್ಯಾಚಿಂಗ್ ಸೆಂಟರಿಗೆ ಹೋಗಬೇಕು. ಟೂ ಬೈ ಟೂ ರೂಬಿಯಾ ಸುರುಳಿಗಳು ನೆಲದಿಂದ ಸೂರಿನವರೆಗೆ ನಿಂತಿರುವ ಅಂಗಡಿಗಳು ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಹೆಜ್ಜೆಗೊಂದು ಸಿಗುತ್ತವೆ. ಅಂಗಡಿಯವರು ಈರುಳ್ಳಿ ಬಣ್ಣ, ಗಿಣಿ ಹಸಿರು ಎಂದು ಪಟಪಟನೆ ಹರಡುತ್ತಾರೆ. ಕೊಳ್ಳುವವರು ಸೀರೆಯ ಸೆರಗನ್ನೂ ಬಟ್ಟೆಯನ್ನೂ ಜೋಡಿಸಿ ಹಿಡಿದು ಬಾಗಿಲಿಗೆ ಓಡುತ್ತಾರೆ. ಇದು ಅಪನಂಬಿಕೆಯಲ್ಲ, ಭೌತಶಾಸ್ತ್ರ. ಬೇರೆ ಬೇರೆ ಬಣ್ಣದ ಪುಡಿಯಲ್ಲಿ ಅದ್ದಿದ ಎರಡು ಬಟ್ಟೆ ಟ್ಯೂಬ್‌ಲೈಟಿನ ಕೆಳಗೆ ಒಂದೇ ಆಗಿ ಕಂಡು ಬಿಸಿಲಿನಲ್ಲಿ ಜಗಳವಾಡಬಲ್ಲವು.

ಬಟ್ಟೆ ಸಿಕ್ಕ ಮೇಲೆ ಅಳತೆ. ಇಲ್ಲಿ ಎರಡು ಪಂಥಗಳಿವೆ: ಟೇಪು ಹಿಡಿಯುವವರದು ಒಂದು, ಅಳತೆ ರವಿಕೆ ಇಡುವವರದು ಇನ್ನೊಂದು. ಸಂಖ್ಯಾಬಲ ಎರಡನೆಯವರದು. ಪ್ರತಿ ಮನೆಯಲ್ಲೂ ಎಂದೋ ಒಮ್ಮೆ ದೇವರ ದಯೆಯಿಂದ ಸರಿಯಾಗಿ ಕೂತ ಒಂದು ರವಿಕೆ ಇರುತ್ತದೆ. ಬಣ್ಣ ಮಾಸಿದೆ, ತೋಳಿನ ಅಂಚು ಸವೆದಿದೆ, ಆದರೂ ಅದನ್ನು ತೊಡುವಂತಿಲ್ಲ, ಎಸೆಯುವಂತಿಲ್ಲ. ಮುಂದೆ ಹುಟ್ಟುವ ರವಿಕೆಗಳೆಲ್ಲ ಅದರ ಸಂತಾನ. ಈ ಪದ್ಧತಿಯಲ್ಲಿ ಹೊಲಿದ ಹೊಸ ರವಿಕೆ ಹಳೆಯ ರವಿಕೆಗೆ ತಪ್ಪದೆ ಹೊಂದುತ್ತದೆ. ತೊಡುವವರಿಗೆ ಹೊಂದುವುದು ಬಿಡುವುದು ಬೇರೆ ಮಾತು. ಒಗೆದು ತೊಟ್ಟ ಬಟ್ಟೆ ಅಲ್ಲಲ್ಲಿ ಹಿಗ್ಗಿರುತ್ತದೆ, ಟಕ್ಸ್ ಎಂಬ ಮಡಿಕೆ ಹಿಡಿದ ಎದೆಭಾಗ ಮೇಜಿನ ಮೇಲೆ ಮಟ್ಟಸವಾಗಿ ಮಲಗುವುದೂ ಇಲ್ಲ. ನಕಲಿನ ನಕಲು ತೆಗೆಯುತ್ತ ಹೋದಂತೆ ಐದಾರನೆಯ ತಲೆಮಾರಿಗೆ ಮೂಲದ ಹೋಲಿಕೆ ಉಳಿಯುವುದು ಕಷ್ಟ.

ಟೇಪಿನವರ ಲೆಕ್ಕ ಸರಳ. ಎದೆಸುತ್ತು 36 ಇಂಚಾದರೆ ಅದರ ಕಾಲು ಭಾಗ 9, ಒಳಗೆ ಬಿಡುವ ಬಟ್ಟೆಗೆ ಒಂದೂವರೆಯಿಂದ ಎರಡು ಇಂಚು. ಗಣಿತ ಇಲ್ಲಿ ಎಡವುವುದಿಲ್ಲ, ಮನುಷ್ಯರು ಎಡವುತ್ತಾರೆ. ಟೇಪು ಮೈಗೆ ತಾಗಿದ ಕೂಡಲೇ ಹೊಟ್ಟೆ ತಾನಾಗಿ ಒಳಗೆ ಹೋಗುತ್ತದೆ, ಬೆನ್ನು ನೆಟ್ಟಗಾಗುತ್ತದೆ. ಇಡೀ ದಿನ ಹಾಗೆ ಇರಲು ಸೈನಿಕರಿಂದಲೂ ಆಗದು. ತನ್ನ ಬೆನ್ನನ್ನು ತಾನೇ ಅಳೆಯಲು ಹೊರಟರೆ ತೋಳು ಎತ್ತಬೇಕು, ಎತ್ತಿದರೆ ಅಳತೆ ಬದಲಾಗುತ್ತದೆ. ಆದ್ದರಿಂದ ತಂಗಿಯೋ ಓರಗಿತ್ತಿಯೋ ಜೊತೆಗಿರಬೇಕು. ಅಳತೆಯ ಅಂಕಿಯನ್ನು ಅವರು ಗಟ್ಟಿಯಾಗಿ ಕೂಗಬಾರದೆಂಬುದು ಮೊದಲೇ ಆಗಬೇಕಾದ ಒಪ್ಪಂದ.

ಅಳತೆ ಕೊಡುವಾಗ ಒಳಗೆ ತೊಟ್ಟಿರುವುದು ಹೊಸ ಬ್ರಾನೋ ಹಳೆಯದೋ ಎಂಬುದೂ ಮುಖ್ಯ. ಇಲಾಸ್ಟಿಕ್ ಸೋತ ಬ್ರಾ ಹಾಕಿ ಅಳತೆ ಕೊಟ್ಟು, ಮದುವೆಗೆ ಹೊಸದರ ಮೇಲೆ ರವಿಕೆ ತೊಟ್ಟರೆ ಎದೆಯ ತುದಿ ಒಂದಿಂಚು ಮೇಲೆ, ಟಕ್ಸ್ ಒಂದಿಂಚು ಕೆಳಗೆ ಉಳಿಯುತ್ತವೆ. ಬೈಗುಳ ಮಾತ್ರ ಹೊಲಿದವರಿಗೆ.

ಒಳ ಉಡುಪನ್ನೂ ಮನೆಯಲ್ಲೇ ಹೊಲಿಯುವುದು ಹೊಸ ಹುಚ್ಚಲ್ಲ. ಹಿಂದಿನವರು ಬಾಡಿ ಎನ್ನುತ್ತಿದ್ದುದನ್ನು ಲಾಂಗ್‌ಕ್ಲಾತಿನಲ್ಲಿ ಹೊಲಿದು ಗುಂಡಿ ಹಾಕಿಕೊಳ್ಳುತ್ತಿದ್ದರು. ಅದರ ಅಂದಕ್ಕೆ ಯಾರೂ ಬಹುಮಾನ ಕೊಡುತ್ತಿರಲಿಲ್ಲ, ಬೆವರನ್ನಂತೂ ಹೀರುತ್ತಿತ್ತು. ಇಂದಿನ ಬ್ರಾಗೆ ಅಡಿಪಾಯ ಹಾಕಿದ ಪೇಟೆಂಟೊಂದು ಹುಟ್ಟಿದ್ದೂ ಮನೆಯ ಸೂಜಿಯಲ್ಲೇ. 1910ರಲ್ಲಿ ನ್ಯೂಯಾರ್ಕಿನ ಮೇರಿ ಫೆಲ್ಪ್ಸ್ ಜೇಕಬ್ ಎಂಬ ತರುಣಿ ನೃತ್ಯಕೂಟಕ್ಕೆ ಹೊರಟಾಗ ತಿಮಿಂಗಿಲದ ಬಾಯಿಂದ ತೆಗೆದ ಕಡ್ಡಿಗಳ ಕಾರ್ಸೆಟ್ಟು ತೆಳು ಉಡುಪಿನಡಿ ಇಣುಕತೊಡಗಿತು. ಅದನ್ನು ಕಿತ್ತೆಸೆದು, ಎರಡು ರೇಷ್ಮೆ ಕರವಸ್ತ್ರಗಳನ್ನು ಗುಲಾಬಿ ರಿಬ್ಬನ್ನಿನಿಂದ ಜೋಡಿಸಿ ತೊಟ್ಟಳು. 1914ರ ನವೆಂಬರ್ 3ರಂದು ಪೇಟೆಂಟ್ ಸಿಕ್ಕಿತು. ಮುಂದೆ ಅದನ್ನು ವಾರ್ನರ್ ಕಾರ್ಸೆಟ್ ಕಂಪನಿಗೆ 1,500 ಡಾಲರಿಗೆ ಮಾರಿದಳು. ಆ ರಾತ್ರಿ ನೆರವಾದ ಮನೆಗೆಲಸದವಳ ಹೆಸರು ಪೇಟೆಂಟಿನಲ್ಲಿಲ್ಲ, ಇರುವ ವಾಡಿಕೆಯೂ ಇಲ್ಲ.

ಕರವಸ್ತ್ರದ ಕಾಲ ಮುಗಿದು ಈಗ ಬ್ರಾ ಎಂದರೆ ಅಂಗೈಯಗಲದ ಹಲವು ತುಂಡುಗಳ ಜೋಡಣೆ. ಎದೆಯ ಕೆಳಗಿನ ಸುತ್ತು ಒಂದು, ಎದೆಯ ತುದಿಯ ಮೇಲೆ ಹಾದ ಸುತ್ತು ಇನ್ನೊಂದು. ಇವೆರಡರ ನಡುವೆ ಒಂದು ಇಂಚು ವ್ಯತ್ಯಾಸವಿದ್ದರೆ ಎ ಕಪ್ಪು, ಎರಡಾದರೆ ಬಿ, ಮೂರಾದರೆ ಸಿ ಎಂಬುದು ರೂಢಿಯ ಲೆಕ್ಕ. ಭಾರ ಹೊರುವ ಕೆಲಸ ಭುಜಪಟ್ಟಿಯದಲ್ಲ, ಕೆಳಪಟ್ಟಿಯದು. ಇದು ತಿಳಿಯದೆ ಭುಜಪಟ್ಟಿಯನ್ನೇ ಬಿಗಿದುಕೊಂಡು ಹೆಗಲ ಮೇಲೆ ಕೆಂಪು ಗೀರು ಮೂಡಿಸಿಕೊಂಡವರು ಲೆಕ್ಕವಿಲ್ಲದಷ್ಟು. ಹೊಲಿಗೆಯ ಅಂಚಿಗೆ ಇಲ್ಲಿ ಕಾಲು ಇಂಚಷ್ಟೇ ಜಾಗ. ಇಲಾಸ್ಟಿಕ್ಕನ್ನು ಅಂಚಿಗಿಂತ ಗಿಡ್ಡವಾಗಿ ಕತ್ತರಿಸಿ ಎಳೆದು ಹಿಡಿದು ಹೊಲಿಯಬೇಕು. ಹಿಗ್ಗುವ ಬಟ್ಟೆಗೆ ನೇರ ಹೊಲಿಗೆ ಹಾಕಿದರೆ ಮೊದಲ ಸಲ ಎಳೆದಾಗಲೇ ದಾರ ಪಟ್ಟೆಂದು ಕಡಿಯುತ್ತದೆ, ಅಂಕುಡೊಂಕು ಹೊಲಿಗೆಯೇ ಬೇಕು. ಚಿನ್ನದ ಬಣ್ಣದ ಅಕ್ಷರ ಹೊತ್ತ ಕರಿಯ ಕಾಲ್ತುಳಿ ಮಿಷನ್ನಿಗೆ ಅದು ಬರುವುದಿಲ್ಲ. ಆಕೆ ಸೀದಾ ನಡೆವ ಕಾಲದವಳು. ಇಷ್ಟೆಲ್ಲ ಕಷ್ಟಪಟ್ಟು ಹೊಲಿದದ್ದು ಒಗೆದ ಮೇಲೆ ತಂತಿಯಲ್ಲಿ ಟವೆಲಿನ ಮರೆಗೆ ಹೋಗಿ ಒಣಗುತ್ತದೆ, ನೋಡಿ ಮೆಚ್ಚುವವರು ಯಾರೂ ಇಲ್ಲ.

ಒಳಲಂಗ ಇದಕ್ಕೆ ಹೋಲಿಸಿದರೆ ಕಲಿಯುವವರ ಪಾಲಿನ ಪುಣ್ಯ. ಎರಡು ಮೀಟರ್ ಪಾಪ್ಲಿನ್ನಿನಲ್ಲಿ ಆರು ತುಂಡು, ಒಂದನ್ನು ಮೇಲ್ಮುಖ ಒಂದನ್ನು ಕೆಳಮುಖವಾಗಿ ಇಟ್ಟು ಕತ್ತರಿಸಿದರೆ ಬಟ್ಟೆಯೂ ಉಳಿಯುತ್ತದೆ. ಅದರ ಏಕೈಕ ದುಷ್ಟಶಕ್ತಿ ಲಾಡಿ. ಮುಹೂರ್ತಕ್ಕೆ ಹತ್ತು ನಿಮಿಷ ಇರುವಾಗ ಲಾಡಿಯ ಒಂದು ತುದಿ ಸೊಂಟಪಟ್ಟಿಯ ನೇಫದೊಳಗೆ ಮಾಯವಾಗುತ್ತದೆ. ಆಗ ಪಿನ್ನು ಸಿಕ್ಕಿಸಿ ಹುಳುವಿನ ವೇಗದಲ್ಲಿ ಸೊಂಟದ ಸುತ್ತ ನಡೆಸಬೇಕು. ಎರಡು ತುದಿಗೂ ದಪ್ಪ ಗಂಟು ಹಾಕಿ, ಲಾಡಿಯ ನಡುಭಾಗವನ್ನು ನೇಫಕ್ಕೆ ಒಂದು ಹೊಲಿಗೆಯಲ್ಲಿ ಕಟ್ಟಿಬಿಟ್ಟರೆ ಈ ಯಾತ್ರೆ ತಪ್ಪುತ್ತದೆ. ಹೇಳುವವರು ಹೇಳುತ್ತಲೇ ಇದ್ದಾರೆ.

ಮತ್ತೆ ರವಿಕೆಗೆ ಬಂದರೆ, ಕತ್ತರಿಸುವ ಮುನ್ನ ಬಟ್ಟೆಯನ್ನೂ ಲೈನಿಂಗನ್ನೂ ನೀರಿಗೆ ಹಾಕಿ ಒಣಗಿಸಬೇಕು. ಹತ್ತಿ ಮೊದಲ ಒಗೆತದಲ್ಲೇ ಕುಗ್ಗುತ್ತದೆ. ಲೈನಿಂಗ್ ಮಾತ್ರ ಕುಗ್ಗಿದರೆ ಮೇಲಿನ ರೇಷ್ಮೆ ಸುಕ್ಕು ಹೊಡೆದು ನಿಲ್ಲುತ್ತದೆ. ಅನಂತರ ಮಾದರಿ. ಅಮೆರಿಕದ ಎಬೆನೀಜರ್ ಬಟರಿಕ್ 1863ರಿಂದ ಅಳತೆವಾರು ಕಾಗದದ ಮಾದರಿಗಳನ್ನು ಮಾರತೊಡಗಿದ; ಕನ್ನಡದ ಮನೆಗಳಲ್ಲಿ ಆ ಸೇವೆಯನ್ನು ನಿನ್ನೆಯ ದಿನಪತ್ರಿಕೆ ಪುಕ್ಕಟೆ ಮಾಡುತ್ತದೆ. ಬೆನ್ನಿನ ಭಾಗಕ್ಕೆ ಮುಖಪುಟ, ಕಂಕುಳ ತಿರುವಿಗೆ ಪಕ್ಷಾಂತರದ ಸುದ್ದಿ, ಎಡ ಎದೆಯ ಮೇಲೆ ಶ್ರದ್ಧಾಂಜಲಿ. ಕತ್ತರಿ ಆಡುವಾಗ ಯಾವುದೋ ಸುದ್ದಿ ಅರ್ಧ ಕಣ್ಣಿಗೆ ಬಿದ್ದು, ಮಿಕ್ಕರ್ಧ ತೋಳಿನ ಮಾದರಿಯಲ್ಲಿದೆಯೇ ಎಂದು ಹುಡುಕುತ್ತ ಕೂತು ಅರ್ಧ ಗಂಟೆ ಕಳೆಯುತ್ತದೆ.

ಮುಂಭಾಗವನ್ನು ನೂಲಿನ ನೇರಕ್ಕೆ ಕತ್ತರಿಸದೆ ಓರೆಯಾಗಿ, 45 ಡಿಗ್ರಿಗೆ ತಿರುಗಿಸಿ ಕತ್ತರಿಸಿದರೆ ಬಟ್ಟೆ ತಾನೇ ಸ್ವಲ್ಪ ಹಿಗ್ಗಿ ಮೈಗೆ ಒಪ್ಪುತ್ತದೆ. ಇದೇ ಕ್ರಾಸ್ ಕಟ್. ಕತ್ತಿನ ಅಂಚಿಗೆ ಹಾಕುವ ಪಟ್ಟಿಯೂ ಓರೆಯೇ ಆಗಬೇಕು, ನೇರ ಪಟ್ಟಿ ದುಂಡು ತಿರುವಿನಲ್ಲಿ ಮುನಿಸಿಕೊಂಡು ಎದ್ದು ನಿಲ್ಲುತ್ತದೆ. ತೋಳುಗಳಲ್ಲಿ ಎಚ್ಚರ ಬೇಕು: ಮುಂದಿನ ತಿರುವು ಹಿಂದಿನದಕ್ಕಿಂತ ಆಳ, ಆದ್ದರಿಂದ ಎಡ ತೋಳು ಬಲಕ್ಕೆ ಆಗದು. ಬಟ್ಟೆ ಮಡಿಸದೆ ಒಂದೊಂದೇ ಕತ್ತರಿಸಿದರೆ ಎರಡು ಎಡ ತೋಳು ಸಿದ್ಧವಾಗುತ್ತವೆ, ಬಟ್ಟೆ ಅಷ್ಟಕ್ಕೇ ಮುಗಿದಿರುತ್ತದೆ. ಬಟ್ಟೆಯ ಕತ್ತರಿಗೆ ಕಾಗದ ತೋರಿಸಬಾರದೆಂಬುದು ಹಳೆಯ ನಿಯಮ, ಕಾಗದ ಅಲಗನ್ನು ಮೊಂಡು ಮಾಡುತ್ತದೆ. ಮಾದರಿ ಕತ್ತರಿಸುವವರು ಬೇರೆ ಕತ್ತರಿ ಇಟ್ಟುಕೊಳ್ಳುತ್ತಾರೆ. ಮನೆಯ ಗಂಡಸರು ಹಾಲಿನ ಪ್ಯಾಕೆಟ್ಟಿಗೆ ಬಟ್ಟೆಯ ಕತ್ತರಿಯನ್ನೇ ಹುಡುಕಿ ತೆಗೆಯುತ್ತಾರೆ.

ಹೊಲಿಗೆಯ ಭಾಗ ಬೇಗ ಮುಗಿಯುವಂಥದು, ಮಿಷನ್ನು ಕೈಕೊಡದಿದ್ದರೆ. ಕಾಲ್ತುಳಿ ಮಿಷನ್ನಿನ ಚಕ್ರ ಹಿಂದಕ್ಕೆ ತಿರುಗಿದರೆ ದಾರ ಕಡಿಯುತ್ತದೆ, ಬಾಬಿನ್ ದಾರ ಉದ್ದ ಹೊಲಿಗೆಯ ನಡುವೆ ಮುಗಿಯುತ್ತದೆ, ಮುಗಿದದ್ದು ಕೊನೆ ಮುಟ್ಟಿದ ಮೇಲೆ ಗೊತ್ತಾಗುತ್ತದೆ. ದಾರವಿಲ್ಲದೆ ಚೆಂದಾಗಿ ಚುಚ್ಚಿದ ರಂಧ್ರಗಳ ಸಾಲು ಮಾತ್ರ ಉಳಿದಿರುತ್ತದೆ.

ನಿಜವಾದ ವಿದ್ಯೆ ಇರುವುದು ತೊಟ್ಟು ನೋಡುವಲ್ಲಿ. ಬಟ್ಟೆ ಮಟ್ಟಸ, ಮೈ ಉಬ್ಬುತಗ್ಗು. ಎರಡರ ನಡುವೆ ರಾಜಿ ಮಾಡಿಸುವುದು ಟಕ್ಸ್. ಅದರ ಮೊನೆ ಎದೆಯ ತುದಿಯತ್ತ ಮುಖ ಮಾಡಿ ಒಂದಿಂಚು ಈಚೆಗೇ ನಿಲ್ಲಬೇಕು. ತುದಿಯವರೆಗೂ ಎಳೆದರೆ ಅಲ್ಲೊಂದು ಗೋಪುರ ಏಳುತ್ತದೆ. ಕನ್ನಡಿಯ ಮುಂದೆ ನಿಂತಾಗ ಸುಕ್ಕುಗಳನ್ನು ಓದಲು ಬರಬೇಕು. ಅಡ್ಡ ಸುಕ್ಕು ಬಿಗಿತದ ಗುರುತು, ಉದ್ದ ಸುಕ್ಕು ಸಡಿಲದ್ದು, ಒಂದು ಬಿಂದುವಿನಿಂದ ಕಿರಣಗಳ ಹಾಗೆ ಹೊರಟ ಸುಕ್ಕು ಅಲ್ಲಿ ಬಟ್ಟೆ ಸಾಲದೆಂಬುದರದು. ಕಂಕುಳ ವಿಷಯದಲ್ಲಿ ಮನೆಯವರೆಲ್ಲ ತಪ್ಪು ಸಲಹೆಯನ್ನೇ ಕೊಡುತ್ತಾರೆ. ತೋಳೆತ್ತಿದರೆ ರವಿಕೆ ಮೇಲೇರುತ್ತದೆಯೇ, ಹಾಗಿದ್ದರೆ ಕಂಕುಳನ್ನು ಇನ್ನಷ್ಟು ಆಳ ಮಾಡು ಎನ್ನುತ್ತಾರೆ. ಆಳ ಮಾಡಿದಷ್ಟೂ ತೋಳು ಇಡೀ ರವಿಕೆಯನ್ನೇ ಮೇಲಕ್ಕೆಳೆಯುತ್ತದೆ. ಕಂಕುಳ ಕೊರೆತ ಮೇಲಿದ್ದು ತೋಳಿಗೆ ಸಮೀಪವಿದ್ದರೆ ತೋಳು ಮಾತ್ರ ಆಡುತ್ತದೆ, ರವಿಕೆ ಇದ್ದಲ್ಲೇ ಇರುತ್ತದೆ. ಬಸ್ಸಿನ ಕಂಬಿ ಹಿಡಿಯುವ ಹಾಗೆ ಕೈ ಚಾಚಿ, ಅಟ್ಟದ ಡಬ್ಬಿ ಇಳಿಸುವ ಹಾಗೆ ಎರಡೂ ಕೈ ಎತ್ತಿ ನೋಡದೆ ಫಿಟ್ಟಿಂಗ್ ಮುಗಿಯಿತೆನ್ನಬಾರದು. ಸುಮ್ಮನೆ ನಿಂತಾಗ ಎಲ್ಲ ರವಿಕೆಯೂ ಚೆನ್ನಾಗಿಯೇ ಇರುತ್ತದೆ.

ಪಕ್ಕದ ಹೊಲಿಗೆಯೊಳಗೆ ಬಿಡುವ ಬಟ್ಟೆ ಈ ಉಡುಪಿನ ದೊಡ್ಡ ಮುಂದಾಲೋಚನೆ. ದರ್ಜಿಗೆ ಕೊಡುವಾಗ ಹೇಳಿ, ಮನೆಯಲ್ಲಿ ಹೊಲಿಯುವಾಗ ತನಗೆ ತಾನೇ ಹೇಳಿಕೊಂಡು, ಅರ್ಧರ್ಧ ಇಂಚಿನ ಅಂತರದಲ್ಲಿ ಎರಡು ಮೂರು ಸಾಲು ಹೊಲಿಗೆ ಹಾಕಿರುತ್ತಾರೆ. ಮೈ ತುಂಬಿದಂತೆ ಒಂದೊಂದೇ ಸಾಲು ಬಿಚ್ಚುವುದು. ಹಳೆಯ ರವಿಕೆಯನ್ನು ಒಳಮಗ್ಗುಲು ತಿರುಗಿಸಿದರೆ ಮರದ ಉಂಗುರಗಳಂತೆ ವರ್ಷಗಳು ಎಣಿಕೆಗೆ ಸಿಗುತ್ತವೆ: ಒಳಸಾಲಿನ ತೂತುಗಳು ಮದುವೆಯ ವರ್ಷದವು, ಆಚಿನದು ಮೊದಲ ಬಾಣಂತನದ್ದು, ಅಂಚಿಗೆ ಬಂದು ನಿಂತ ಸಾಲು ಇತ್ತೀಚಿನದು. ಬಿಚ್ಚಿದ ಕಡೆ ಬಟ್ಟೆಯ ಮೂಲ ಬಣ್ಣ ಗಾಢವಾಗಿ ಉಳಿದು ಗುಟ್ಟು ರಟ್ಟಾಗುತ್ತದೆ, ಕಂಡವರು ಕಾಣದಂತಿರುವುದು ಸೌಜನ್ಯ. ತೂಕ ಇಳಿಸಿದವರು ಮತ್ತೆ ಒಳಸಾಲಿಗೆ ಹೊಲಿಯುವುದುಂಟು, ಆದರೆ ಹೊರಸಾಲನ್ನು ಕತ್ತರಿಸಿ ಎಸೆದವರನ್ನು ಕಂಡವರಿಲ್ಲ.

ಉಳಿದದ್ದು ಹುಕ್ಕು ಮತ್ತು ಹೆಮ್ಮಿಂಗ್, ಎರಡೂ ಧಾರಾವಾಹಿ ನೋಡುತ್ತ ಮಾಡುವ ಕೈಗೆಲಸ. ಹುಕ್ಕುಗಳನ್ನು ಮೊದಲು ಒಂದು ಪಟ್ಟಿಗೆ ಹೊಲಿದು, ಎದುರು ಪಟ್ಟಿಯನ್ನು ಜೋಡಿಸಿಟ್ಟು ಗುರುತು ಮಾಡಿಕೊಂಡೇ ಕಾಜ ಹಾಕಬೇಕು. ಕಥೆಯ ನಾಯಕಿ ಅಳುವ ಹೊತ್ತಿನಲ್ಲಿ ಗುರುತು ತಪ್ಪಿದರೆ ಕೊನೆಯಲ್ಲಿ ಒಂದು ಹುಕ್ಕು ಹೆಚ್ಚಾಗಿಯೋ ಒಂದು ಕಾಜ ಅನಾಥವಾಗಿಯೋ ಉಳಿಯುತ್ತದೆ.

ಮಿಕ್ಕ ಚೂರುಗಳಲ್ಲಿ ಅಂಗೈಗಿಂತ ದೊಡ್ಡವು ಕೌದಿಗೆ ಹೋಗುತ್ತವೆ, ರೂಬಿಯಾ ಚೂರು ಮಸಿಬಟ್ಟೆಯಾಗುತ್ತದೆ. ಬ್ರಾ ಹೊಲಿದು ಉಳಿದ ನೈಲಾನ್ ತುಂಡನ್ನು ಆ ಗುಂಪಿಗೆ ಸೇರಿಸಬಾರದು, ಚೆನ್ನಾಗಿ ಕಾದ ಪಾತ್ರೆಗೆ ಅಂಟಿಕೊಂಡರೆ ಬಿಡಿಸಲು ಒಂದು ಮಧ್ಯಾಹ್ನ ಬೇಕು.