‘ಜಂಬೋ’ ಶಬ್ದದ ಮೂಲ ಚಾಮರಾಜನಗರವೇ: ಒಂದು ಅಪ್ರಕಟಿತ ಮಹಾಪ್ರಬಂಧದ ಸಾರ

‘ಜಂಬೋ’ ಇಂಗ್ಲಿಷಿನ ಶಬ್ದವೆಂದು ನಂಬಿಕೊಂಡು ವಿದ್ವಲ್ಲೋಕ ಇಷ್ಟು ಕಾಲ ನೆಮ್ಮದಿಯಾಗಿ ನಿದ್ದೆ ಮಾಡಿದೆ. ಆ ನಿದ್ದೆ ಕೆಡಿಸುವುದೇ ಪ್ರಸ್ತುತ ಪ್ರಬಂಧದ ಘನ ಉದ್ದೇಶ. ಕ್ಷೇತ್ರಕಾರ್ಯವನ್ನು ಗುಂಡ್ಲುಪೇಟೆಯ ಚಿಪ್ಸ್ ಅಂಗಡಿಗಳು, ಚಾಮರಾಜನಗರದ ಒಂದು ಝೆರಾಕ್ಸ್ ಅಂಗಡಿ ಹಾಗೂ ಒಂದು ಬೀಗರೂಟದಲ್ಲಿ ನಡೆಸಲಾಯಿತು. ಮೂರನೆಯ ಕಡೆ ಆಳವಾದ ಅಧ್ಯಯನ ಸಾಧ್ಯವಾಯಿತು.

ಮೊದಲು ಪೂರ್ವಪಕ್ಷ. ಪಾಶ್ಚಾತ್ಯರ ಪ್ರಕಾರ ಜಂಬೋ ಎಂಬುದು ಆಫ್ರಿಕಾದ ಒಂದು ಗಂಡಾನೆಯ ಹೆಸರು. 1865ರಲ್ಲಿ ಲಂಡನ್ ಮೃಗಾಲಯಕ್ಕೆ ಬಂದ ಅದು ಮಕ್ಕಳನ್ನು ಹೊತ್ತು ತಿರುಗುತ್ತಿತ್ತು. 1882ರಲ್ಲಿ ಅಮೆರಿಕದ ಸರ್ಕಸ್ ಧಣಿ ಪಿ.ಟಿ. ಬಾರ್ನಮ್ 2,000 ಪೌಂಡ್ ಕೊಟ್ಟು ಕೊಂಡೊಯ್ದ. ಅಲ್ಲಿಂದಾಚೆಗೆ ಪೋಸ್ಟರುಗಳಲ್ಲಿ ಆನೆ ಬೆಳೆದಷ್ಟು ಲಾಯದಲ್ಲಿ ಬೆಳೆಯಲಿಲ್ಲ. 1885ರಲ್ಲಿ ಕೆನಡಾದಲ್ಲಿ ರೈಲು ಗುದ್ದಿ ಆನೆ ಸತ್ತಿತು, ವಿಶೇಷಣ ಬದುಕಿತು. ಅದಕ್ಕೂ ಮುಂಚೆ, 1823ರಷ್ಟು ಹಿಂದೆಯೇ, ಲಂಡನ್ನಿನ ಬೀದಿಮಾತಿನಲ್ಲಿ ಜಂಬೋ ಎಂದರೆ ಒಡ್ಡೊಡ್ಡಾದ ದಡೂತಿ ಆಸಾಮಿ. ಇನ್ನು ಕೆಲವರು ಸ್ವಾಹಿಲಿಯ ‘ಜಾಂಬೊ’, ‘ಜುಂಬೆ’ಗಳ ಬಾಗಿಲು ಬಡಿಯುತ್ತಾರೆ. ಒಂದು ಶಬ್ದಕ್ಕೆ ಇಷ್ಟು ಮಂದಿ ಅಪ್ಪಂದಿರಿರುವಾಗ ಇನ್ನೊಬ್ಬನನ್ನು ಸೇರಿಸಲು ನನಗೇನು ಅಡ್ಡಿ?

ಈಗ ಸಿದ್ಧಾಂತ. ಇರುವುದಕ್ಕಿಂತ ದೊಡ್ಡದಾಗಿ ತೋರಿಸಿಕೊಳ್ಳುವುದಕ್ಕೆ ಕನ್ನಡದಲ್ಲಿ ‘ಜಂಬ’ ಎನ್ನುತ್ತಾರೆ. ಬಾರ್ನಮ್ಮನ ಪೋಸ್ಟರು ಮಾಡಿದ್ದೂ ಅದನ್ನೇ. ಜಂಬಕ್ಕೆ ಓಕಾರ ಹತ್ತಿದ್ದೆಲ್ಲಿ? ಬದುವಿನ ಮೇಲೆ ನಿಂತು ‘ಆನ ಬಂದದ ಕನ್ರಪ್ಪೋ!’ ಎಂದು ನಮ್ಮ ಸೀಮೆಯ ರೈತರು ಕೂಗುವುದನ್ನು ಕೇಳಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಶಬ್ದ ಹಡಗು ಹತ್ತಿದ ಬಗೆಗೂ ಇತಿಹಾಸ ನನ್ನ ಪರವಾಗಿದೆ. ಮೈಸೂರು ಸಂಸ್ಥಾನದಲ್ಲಿ ನಾಲೆಗಳ ಉಸ್ತುವಾರಿಯಲ್ಲಿದ್ದ ಜಿ.ಪಿ. ಸ್ಯಾಂಡರ್ಸನ್ 1874ರಲ್ಲಿ ಚಾಮರಾಜನಗರದ ಬಳಿ ಖೆಡ್ಡಾ ಮಾಡಿ ಕಾಡಾನೆಗಳ ಹಿಂಡನ್ನೇ ಹಿಡಿದ. 1878ರಲ್ಲಿ ಆ ಅನುಭವದ ಪುಸ್ತಕ ಲಂಡನ್ನಿನಲ್ಲಿ ಅಚ್ಚಾಯಿತು. ಜಂಬೋ ಆಗ ಅದೇ ಊರಿನಲ್ಲಿತ್ತು! ‘ಆನೆಗೆ ಆ ಹೆಸರು ಮೊದಲೇ ಇತ್ತಲ್ಲ ಸ್ವಾಮಿ, ಶಬ್ದ ಕಾಲದಲ್ಲಿ ಹಿಂದಕ್ಕೆ ನಡೆಯಿತೇ?’ ಎಂದು ಮಿತ್ರರೊಬ್ಬರು ಕೇಳಿದರು. ಅವರ ಹೆಸರನ್ನು ಕೃತಜ್ಞತೆಯ ಪುಟದಿಂದ ತೆಗೆಯಲಾಗಿದೆ.

ದಸರೆಯ ಜಂಬೂ ಸವಾರಿಯನ್ನು ಮುಂದಿಟ್ಟು ಮೈಸೂರಿನವರು ತಕರಾರು ಎತ್ತಬಹುದು. 1997ರಲ್ಲಿ ಚಾಮರಾಜನಗರ ಬೇರೆ ಜಿಲ್ಲೆಯಾದಾಗಲೇ ಪಾಲುಪಟ್ಟಿ ಮುಗಿದಿದೆ: ಊಕಾರ ಅವರಿಗೆ, ಓಕಾರ ನಮಗೆ.

ಇನ್ನು ಅರ್ಥಪಲ್ಲಟ. 1970ರಲ್ಲಿ ಪ್ರಯಾಣಿಕರನ್ನು ಹೊರತೊಡಗಿದ ಬೋಯಿಂಗ್ 747 ಜಂಬೋ ಜೆಟ್ ಆಯಿತು. ಪಿಚ್ ಮುಟ್ಟಿ ಪುಟಿಯುವ ಚೆಂಡಿಗೆ ಆ ವಿಮಾನದ ಹೋಲಿಕೆ ಸಿಕ್ಕಿ ಅನಿಲ್ ಕುಂಬ್ಳೆ ಜಂಬೋ ಆದರು. ಟೆಸ್ಟ್‌ನಲ್ಲಿ 619 ವಿಕೆಟ್ ಕಿತ್ತ ಮೇಲೆ ಅವರು ರಾಜ್ಯ ವನ್ಯಜೀವಿ ಮಂಡಳಿಯ ಉಪಾಧ್ಯಕ್ಷರಾದರು. ಹೀಗೆ ಆನೆಯಿಂದ ಹೊರಟ ಶಬ್ದ ವಿಮಾನ ಹತ್ತಿ, ಸ್ಪಿನ್ ಆಗಿ, ಬಂಡೀಪುರದ ಆನೆಗಳ ಯೋಗಕ್ಷೇಮ ವಿಚಾರಿಸಲು ಬಂತು. ಭಾಷಾಶಾಸ್ತ್ರದಲ್ಲಿ ಇಂಥ ಚಕ್ರಗತಿ ಅಪರೂಪ.

ರಾಜಕೀಯದಲ್ಲಿ ‘ಜಂಬೋ ಸಂಪುಟ’ ಎಂದರೆ ಎಲ್ಲರನ್ನೂ ಸಮಾಧಾನ ಮಾಡಲು ಹೊರಟು ಯಾರಿಗೂ ಸಮಾಧಾನವಾಗದ ಸಂಪುಟ. 2003ರ ಸಂವಿಧಾನ ತಿದ್ದುಪಡಿ ಈ ಜಂಬೋವಿನ ಕಾಲಿಗೆ ಸರಪಳಿ ಹಾಕಿತು: ಸದನದ ಬಲದ ಶೇ 15ಕ್ಕಿಂತ ಹೆಚ್ಚು ಮಂತ್ರಿಗಳಿರಬಾರದು. 224 ಸ್ಥಾನಗಳ ನಮ್ಮ ವಿಧಾನಸಭೆಗೆ ಅದು ಮುಖ್ಯಮಂತ್ರಿಯೂ ಸೇರಿ 34. ಚಾಮರಾಜನಗರಕ್ಕೆ ಕಾಲಿಟ್ಟರೆ ಕುರ್ಚಿ ಹೋಗುತ್ತದೆಂದು ಮುಖ್ಯಮಂತ್ರಿಗಳು ಹೆದರುತ್ತಿದ್ದ ಜಿಲ್ಲೆಯಿದು. 2025ರ ಏಪ್ರಿಲ್‌ನಲ್ಲಿ ಸಂಪುಟ ಸಭೆಯೇ ಮಲೆ ಮಹದೇಶ್ವರ ಬೆಟ್ಟದಲ್ಲಿ ನಡೆಯಿತು. ಕುರ್ಚಿಗಳ ಗತಿ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಅರ್ಥ ನಿಜವಾಗಿ ಕುಸಿದಿರುವುದು ಅಂಗಡಿಯಲ್ಲಿ. ‘ಜಂಬೋ ಝೆರಾಕ್ಸ್’ಗೆ ಹಾಳೆಯ ಅಳತೆಯಾದರೂ ಇದೆ. ‘ಜಂಬೋ ಲೋಟ’ ಬೀಗರೂಟದಲ್ಲಿ ಪಾಯಸಕ್ಕೆ ಸಿಗುವುದಿಲ್ಲ, ನೀರಿಗೆ ಸಿಗುತ್ತದೆ. ಗುಂಡ್ಲುಪೇಟೆಯಲ್ಲಿ ಊಟಿಗೆ, ವಯನಾಡಿಗೆ ಹೋಗುವವರು ಕೊಳ್ಳುವ ‘ಜಂಬೋ ಪ್ಯಾಕ್’ ಚಿಪ್ಸಿನಲ್ಲಂತೂ ಹೆಚ್ಚು ಪಾಲು ಗಾಳಿ. ಪೊಟ್ಟಣದ ಮೇಲೆ ನಿವ್ವಳ ತೂಕ ನಮೂದಿಸಬೇಕೆಂದು ಕಾನೂನುಮಾಪನದ 2011ರ ನಿಯಮಗಳು ಹೇಳುತ್ತವೆ. ಮಂತ್ರಿಗಳಿಗಿರುವಂಥ ಮಿತಿ ‘ಜಂಬೋ’ ಎಂಬ ಮಾತಿಗಿಲ್ಲ.

ಈ ವಿಷಯದಲ್ಲಿ ಶಬ್ದದ ಮೂಲ ವಾರಸುದಾರರೇ ನಮಗೆ ಗುರುಗಳು. ಪುಣಜನೂರು ದಾಟಿ ಸತ್ಯಮಂಗಲಕ್ಕೆ ಹೋಗುವ ರಸ್ತೆಯಲ್ಲಿ ಕಬ್ಬಿನ ಲಾರಿಗೆ ಅಡ್ಡ ನಿಲ್ಲುವ ಆನೆಗಳು ಬೋರ್ಡು ಓದುವುದಿಲ್ಲ, ಸೊಂಡಿಲು ಹಾಕಿ ನೋಡುತ್ತವೆ. ಓದುಗ ಮಹಾಶಯರೇ, ಗುಂಡ್ಲುಪೇಟೆಯಲ್ಲಿ ಬಸ್ಸಿಳಿದಾಗ ನೀವೂ ಪೊಟ್ಟಣವನ್ನು ಕೈಯಲ್ಲಿ ತೂಗಿ, ಮೂಲೆಯಲ್ಲಿರುವ ಗ್ರಾಂ ಓದಿ, ಆಮೇಲೆ ದುಡ್ಡು ಕೊಡಿ.