ಗಲ್ಲಾದ ಮುಂದೊಂದು ಎಂಬಿಎ

ನಮ್ಮ ಕಡೆ ಹುಡುಗ ಎಂಬಿಎ ಸೇರಬೇಕಾದ ವಯಸ್ಸನ್ನು ತೀರ್ಮಾನಿಸುವವರು ಹೆಣ್ಣು ಕೊಡುವವರು. ಬಿ.ಕಾಂ. ಮುಗಿಸಿ ಅಪ್ಪನ ಅಂಗಡಿಯಲ್ಲಿ ಕೂತರೆ 'ಮನ್ಯಾಗ ಅದಾನ' ಎನ್ನುತ್ತಾರೆ. ಅದೇ ಹುಡುಗ ಬಳ್ಳಾರಿಗೋ ದಾವಣಗೆರೆಗೋ ಬಸ್ಸು ಹತ್ತಿದನೆಂದರೆ 'ಎಂಬಿಎ ಮಾಡಾಕತ್ತಾನ' ಎಂದು ದನಿಯೇರುತ್ತದೆ. ಹಾಗಾಗಿ ಕೂಡ್ಲಿಗಿಯಿಂದ ಹರಪನಹಳ್ಳಿವರೆಗೆ ಇಪ್ಪತ್ತೊಂದು-ಇಪ್ಪತ್ತೆರಡೇ ಸರಿಯಾದ ವಯಸ್ಸು ಎಂಬುದರಲ್ಲಿ ಯಾರಿಗೂ ತಕರಾರಿಲ್ಲ.

ದೊಡ್ಡ ಶಾಲೆಗಳಲ್ಲಿ ಇಷ್ಟು ಒಮ್ಮತವಿಲ್ಲ. 1908ರಲ್ಲಿ ಶುರುವಾದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿಗೆ ಹೆಚ್ಚಿನವರು ಕೆಲ ವರ್ಷ ದುಡಿದೇ ಬರುತ್ತಾರೆ. ಇಂದೋರಿನ ಐಐಎಂ 2011ರಿಂದ ಪಿಯುಸಿ ಮುಗಿಸಿದ ಮಕ್ಕಳನ್ನೇ ಐದು ವರ್ಷದ ಕೋರ್ಸಿಗೆ ಕರೆಯುತ್ತಿದೆ. ಬೆಂಗಳೂರಿನ ಐಐಎಂ ಎರಡಕ್ಕೂ ಸೈ: ಎರಡು ವರ್ಷದ ಕೋರ್ಸಿಗೆ ಡಿಗ್ರಿ ಮುಗಿಸಿದವರು ನೇರವಾಗಿ ಬರಬಹುದು, ಒಂದು ವರ್ಷದ್ದಕ್ಕೆ ಕನಿಷ್ಠ ಐದು ವರ್ಷದ ಅನುಭವ ಬೇಕು.

ಹಡಗಲಿಯಲ್ಲಿ ಇವರೆಲ್ಲರಿಗಿಂತ ಬೇಗ ತರಗತಿ ಶುರು. ನಸುಕಿನಲ್ಲಿ ಕಿತ್ತ ಮಲ್ಲಿಗೆ ಮೊಗ್ಗು ಅರಳುವುದರೊಳಗೆ ಕೈ ಬದಲಾಗಬೇಕು. ಹೂ ಕಟ್ಟುವ ಮನೆಯ ಹುಡುಗಿಗೆ ಮದುವೆಯ ಮುಹೂರ್ತ ಎಂದು ಇದೆ, ಯಾವ ದಿನ ದರ ಬೀಳುತ್ತದೆ, ಸಂಜೆಗೆ ಉಳಿದ ಮೊಳವನ್ನು ಎಷ್ಟಕ್ಕೆ ಬಿಡಬೇಕು, ಎಲ್ಲ ಗೊತ್ತು. ಬೇಗ ಕೆಡುವ ಸರಕಿನ ಮಾರಾಟ ಎಂದು ಕಾಲೇಜಿನಲ್ಲಿ ಓದಿಸುವುದು ಇದನ್ನೇ. ಅದೇ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ, 'ಸದ್ದಲೇ' ಎಂದು ಲಕ್ಷಾಂತರ ಜನರನ್ನು ಸುಮ್ಮನಾಗಿಸಿ, ವರ್ಷಕ್ಕೊಂದು ವಾಕ್ಯದ ಕಾರ್ಣಿಕ ನುಡಿಯುತ್ತಾನೆ. ಅದರಲ್ಲಿ ರೈತ ಮಳೆಯನ್ನೂ ವ್ಯಾಪಾರಿ ಉಳ್ಳಾಗಡ್ಡಿಯ ರೇಟನ್ನೂ ರಾಜಕಾರಣಿ ಕುರ್ಚಿಯನ್ನೂ ಹುಡುಕಿಕೊಳ್ಳುತ್ತಾರೆ. ಐವತ್ತು ಸ್ಲೈಡ್ ತೋರಿಸುವ ಕನ್ಸಲ್ಟೆಂಟುಗಳಿಗೆ ಈ ಸಂಯಮ ಬಂದೀತೆ?

ಕೊಟ್ಟೂರಿನ ಮಂಡಿಯೊಂದರಲ್ಲಿ ನನಗೆ ಪರಿಚಯದ ಸಾವ್ಕಾರ್ರು ಶೇಂಗಾ ನೋಡುವ ಪರಿಯೇ ಬೇರೆ. ಚೀಲದ ನಡುವಿನಿಂದ ಹಿಡಿಯಷ್ಟು ತೆಗೆದು, ಒಂದು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗೆ ಗಲಗಲ ಅಂದರೆ ಒಣಗಿದೆ. ಸದ್ದೇ ಇಲ್ಲದಿದ್ದರೆ ಹಸಿ, ತೂಕದಲ್ಲಿ ನಾಳೆ ಇಳಿಯುವ ಮಾಲು. ಆಮೇಲೆ ಒಡೆದು, ಬೀಜದ ಸಿಪ್ಪೆಯನ್ನು ಅಂಗೈಯಲ್ಲಿ ಉಜ್ಜಿ ಊದಿ, ಒಂದನ್ನು ಕಚ್ಚಿ, ಏನೂ ಆಗಿಲ್ಲವೆಂಬಂತೆ ಚಹಾ ಹೇಳುತ್ತಾರೆ. ರೇಟು ಮನಸ್ಸಿನಲ್ಲಾಗಲೇ ಕೂತಿರುತ್ತದೆ. ಇದನ್ನು ಅವರು ಹನ್ನೆರಡನೇ ವಯಸ್ಸಿಗೆ ಕಲಿತರಂತೆ. ಕಲಿಯದೇ ಉಳಿದದ್ದು, ಬ್ಯಾಂಕಿನವರು ಪ್ರಾಜೆಕ್ಟ್ ರಿಪೋರ್ಟ್ ಕೇಳಿದಾಗ ಏನು ಬರೆಯಬೇಕೆಂಬುದು. ಅದಕ್ಕೊಬ್ಬ ಆಡಿಟರು, ಆ ಆಡಿಟರಿಗೊಂದು ಫೀಸು.

ನನ್ನನ್ನು ಕೇಳಿದರೆ, ಒಂದಾದರೂ ಉದ್ರಿ ವಸೂಲಿಗೆ ಹೋಗಿ ಬರಿಗೈಯಲ್ಲಿ ಮರಳಿದವನು ಎಂಬಿಎಗೆ ತಯಾರು. ಅಂಥವನು ಕ್ಲಾಸಿನಲ್ಲಿ ಕೈಯೆತ್ತಿ ಕೇಳುವ ಪ್ರಶ್ನೆಗೆ ಬೆಲೆಯಿರುತ್ತದೆ. ಅದು ಇಪ್ಪತ್ತಾರಕ್ಕೆ ಆಗಬಹುದು, ಮೂವತ್ತಕ್ಕೂ ಆಗಬಹುದು. ಆದರೆ ಈ ಬುದ್ಧಿಮಾತು ನಮ್ಮ ಹೆಣ್ಣುಮಕ್ಕಳಿಗೆ ಉಪಯೋಗವಿಲ್ಲ. ಇಪ್ಪತ್ತೆರಡಕ್ಕೆ ಕಳಿಸಲು ಒಪ್ಪಿದ ಮನೆ ಇಪ್ಪತ್ತಾರಕ್ಕೆ ಒಪ್ಪುವುದಿಲ್ಲ. ಅಷ್ಟರಲ್ಲಿ ಮುಹೂರ್ತ ನೋಡಿಯಾಗಿರುತ್ತದೆ. ಅವರು ಸಿಕ್ಕಾಗಲೇ ಸೀಟು ಹಿಡಿಯಲಿ, ಅನುಭವ ಹಿಂದಿನಿಂದ ಬರಲಿ.

ತಡವಾಗಿ ದಾರಿ ಬದಲಿಸಬಾರದು ಎನ್ನುವವರಿಗೆ ನಾನು ಹರಪನಹಳ್ಳಿ ತೋರಿಸುತ್ತೇನೆ. 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆ ಜಿಲ್ಲೆ ಸೇರಿತು, ಮತ್ತೆ ಬಳ್ಳಾರಿಗೆ ಬಂತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಊರಿಗಿಲ್ಲದ ಸಂಕೋಚ ಮನುಷ್ಯನಿಗೇಕೆ?

ಕಳೆದ ಬಾರಿ ಎಚ್.ಬಿ. ಹಳ್ಳಿಯಲ್ಲಿ ಬಂಧುವೊಬ್ಬರು ಮಗನ ಎಂಬಿಎ ಸೀಟಿಗೆಂದು ಪಿಜಿಸಿಇಟಿ ಪರೀಕ್ಷೆಯ ಅರ್ಜಿ ತುಂಬಿಸುತ್ತ ಕೂತಿದ್ದರು. ಐವತ್ತು ದಾಟಿದ ದಲಾಲಿ ವ್ಯಾಪಾರಿ. ಮೊಬೈಲು ಮೇಲೆ ಕೆಳಗೆ ಸರಿಸಿ ನೋಡಿ, "ಅಲ್ಲಪ್ಪಾ, ಇದ್ರಾಗ ವಯಸ್ಸಿನ ಮಿತಿನ ಬರೆದಿಲ್ಲ. ಹಂಗಾದ್ರ ನಾನೂ ಹಾಕಬಹುದೇನು?" ಎಂದರು.

"ಧಾರಾಳವಾಗಿ ಹಾಕ್ರಿ ಮಾವ. ಡಿಗ್ರಿಯಾಗ ಶೇಕಡ 50 ಇದ್ರ ಸಾಕು."

ಅವರು ಸ್ವಲ್ಪ ಹೊತ್ತು ಗೋಡೆಯ ಕ್ಯಾಲೆಂಡರ್ ನೋಡಿದರು. ಮಗ ತಲೆಯೆತ್ತಲಿಲ್ಲ, ಆದರೆ ಕಿವಿ ಇತ್ತಲೇ ಇತ್ತು.

"ನಲವತ್ತೇಳು," ಎಂದರು ಸಣ್ಣ ದನಿಯಲ್ಲಿ. "ಇವ್ನ ಮುಂದ ಕೇಳಬಾರದಿತ್ತು ನೋಡು."